ಭಾವ ನಡುಗಿದ ಶುಕ್ರವಾರ

ಆ ಮನೆಯ ಗೋಡೆ ಹಸಿರು ಎಂದು ಮೊದಲು ಬರೆದಿದ್ದೆ. ಅಕ್ಕ ಓದಿ, ಅಲ್ಲ, ಬಿಳಿ ಎಂದಳು. ನನ್ನ ಬಳಿ ಇರುವ ಒಂದೇ ಫೋಟೊದಲ್ಲಿ ಅದು ನೀಲಿ. ಆದರೆ ಸಂಜೆಯಾದರೆ ನನ್ನ ಫೋನಿಗೆ ಎಲ್ಲವೂ ನೀಲಿ. ಗೋಡೆಯನ್ನು ಬಿಟ್ಟುಬಿಡುತ್ತೇನೆ. ಬಿಡಲಾಗದ್ದು ಇಷ್ಟು: ಆ ಮನೆಯೊಳಗೆ ಭಾವ ಎಲ್ಲರ ಕಣ್ಣೆದುರು ನಡುಗಿಬಿಟ್ಟರೆ ಅವರ ಕೆಲಸ ಹೋಗುತ್ತದೆ ಎಂಬುದು ಅಕ್ಕನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಭಾವನಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು.

ಭಾವ ಆಗ ಟವರ್ ಕ್ರೇನ್ ಆಪರೇಟರ್. ಬಹರೈನಿನ ಮನಾಮದಲ್ಲಿ, ಸಮುದ್ರದ ಬದಿಯಲ್ಲಿ ಏಳುತ್ತಿದ್ದ ಕಟ್ಟಡವೊಂದರ ತಲೆಯ ಮೇಲೆ, ಏಣಿ ಹತ್ತಿ ಹೋಗಿ ಕೂರುವ ಗಾಜಿನ ಗೂಡಿನಲ್ಲಿ ಅವರ ದಿನ ಕಳೆಯುತ್ತಿತ್ತು. ಕೊಕ್ಕೆಯಲ್ಲಿ ಕಬ್ಬಿಣದ ಕಂಬಿಯ ಕಟ್ಟು, ಅದರ ಕೆಳಗೆ ಜನ. ಆ ಕೆಲಸದ ಮೇಲೆ ಅಕ್ಕನ ವೀಸಾ, ಮಗಳ ವೀಸಾ, ಗುದೈಬಿಯಾದ ಎರಡು ಕೋಣೆಯ ಫ್ಲ್ಯಾಟು, ಮಗಳ ಹನ್ನೆರಡನೇ ಕ್ಲಾಸು ಎಲ್ಲವೂ ನಿಂತಿದ್ದವು. ನಾನು ಹೂರಾದಲ್ಲಿ ಒಬ್ಬಳೇ ಇರುವವಳು, ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಕೆಲಸ; ರಾತ್ರಿಯ ಊಟ ಮಾತ್ರ ಅಕ್ಕನ ಮನೆಯಲ್ಲಿ.

ನಡುಕದ ಸಂಗತಿ ಹೀಗೆ. ಊರಿನಲ್ಲಿ, ಉಡುಪಿಯ ಕಡೆ, ಭಾವನ ಕುಟುಂಬಕ್ಕೆ ಒಂದು ದೈವ ಉಂಟು, ವರ್ಷಕ್ಕೊಮ್ಮೆ ಅದಕ್ಕೆ ನೇಮದ ಉತ್ಸವ. ಅಲ್ಲಿ ದೈವ ಮೈಮೇಲೆ ಬರುವ ಪಾತ್ರಿಯಾಗಿದ್ದವರು ಅವರ ಸೋದರಮಾವ. ಮಾವ ತೀರಿಕೊಂಡ ವರ್ಷ, ಡೋಲು ಜೋರಾಗಿ, ದೈವ ಕಟ್ಟಿದವನ ಕಾಲಿನ ಗಗ್ಗರದ ಸದ್ದು ಅಂಗಳಕ್ಕಿಳಿದಾಗ, ಎಲ್ಲರ ಹಿಂದೆ ನಿಂತಿದ್ದ ಭಾವನ ಮೈ ನಡುಗತೊಡಗಿತು. ಹಿರಿಯರು ಕೈ ಮುಗಿದರು. ಮುಂದಿನ ಪಾತ್ರಿ ಇವನೇ ಎಂದು ಅಲ್ಲೇ ತೀರ್ಮಾನವಾಯಿತು. ಭಾವನನ್ನು ಯಾರೂ ಏನೂ ಕೇಳಲಿಲ್ಲ. ಅದಾದ ಮೇಲೆ ಭಾವ ಸಿಕ್ಕಿದ ಮೊದಲ ವೀಸಾ ಹಿಡಿದು ಬಹರೈನಿಗೆ ಬಂದರು, ನೇಮದ ತಿಂಗಳಲ್ಲಿ ಮತ್ತೆಂದೂ ಊರಿಗೆ ಹೋಗಲಿಲ್ಲ.

ಕುಟುಂಬದ ವಾಟ್ಸಾಪ್ ಗುಂಪಿಗೆ ನೇಮದ ವಿಡಿಯೊ ಬಂದರೆ ಅಕ್ಕ ಮೊದಲು ತಾನು ನೋಡಿ ಅಳಿಸುತ್ತಾಳೆ. ಒಮ್ಮೆ ಪಕ್ಕದ ಫ್ಲ್ಯಾಟಿನ ಟಿವಿಯಿಂದ ಅಂಥ ಸದ್ದು ಕೇಳಿಬಂದಾಗ ಭಾವ ಊಟದ ಕೈಯಲ್ಲೇ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರಿನ ಸದ್ದಿನ ಹಿಂದೆ ಬಕೆಟ್ಟಿನ ಹಿಡಿ ಟಣಟಣ ಎಂದು ಅದುರುವುದು ನನಗೆ ಕೇಳಿಸಿತು. ಹಾಗೆಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಬಕೆಟ್ಟಿನ ಹಿಡಿ ಪ್ಲಾಸ್ಟಿಕ್ಕಿನದು. ಟಣಟಣ ಎನ್ನಲು ಸಾಧ್ಯವೇ ಇಲ್ಲ.

ಆ ಶುಕ್ರವಾರದ ಪ್ರವಾಸ ಹೊರಡಿಸಿದ್ದು ನಮ್ಮ ಕರಾವಳಿಯವರ ಸಂಘ. ಪ್ರತಿ ವರ್ಷ ಕಡಲತೀರಕ್ಕೆ ಹೋಗಿ, ಚಮಚದಲ್ಲಿ ಲಿಂಬೆ ಇಟ್ಟುಕೊಂಡು ಓಡಿ, ಕೋಳಿ ಸುಕ್ಕ ತಿಂದು ಬರುವ ಸಂಘ. ಈ ಸಲ ಯಾರೋ ಚರಿತ್ರೆ ನೋಡುವ ಎಂದರು. ಮುಹರ್ರಕ್‌ನ ಹಳೇ ಓಣಿಗಳಲ್ಲಿ ಮುತ್ತಿನ ವ್ಯಾಪಾರಿಗಳ ಮನೆಗಳನ್ನು ಸರಿಪಡಿಸಿ ಇಟ್ಟಿದ್ದಾರೆ. ಅವುಗಳ ಸುತ್ತ ನಡೆದಾಟ, ಆಮೇಲೆ ಊಟ. ಭಾವ ಬರುವುದಿಲ್ಲ ಎಂದಿದ್ದರು. ಆದರೆ ಅವರ ಸೈಟಿನ ಸೇಫ್ಟಿ ಆಫೀಸರ್ ಕೂಡ ನಮ್ಮ ಕಡೆಯವನೇ, ಮೂಡಬಿದ್ರೆಯ ಹುಡುಗ, ಸಂಘದ ಹೊಸ ಕಾರ್ಯದರ್ಶಿ. ಅವನು ಫೋನ್ ಮಾಡಿದ. "ಅಣ್ಣ, ನೀವು ಯಾವುದಕ್ಕೂ ಬರುದಿಲ್ಲ ಯಾಕೆ? ಎಂತಾದ್ರೂ ಸಮಸ್ಯೆ ಉಂಟಾ?" ಕ್ರೇನ್ ಆಪರೇಟರನಿಗೆ ಸೇಫ್ಟಿ ಆಫೀಸರ್ ಹೀಗೆ ಕೇಳಿದರೆ ಉತ್ತರ ಒಂದೇ. ಭಾವ ಬಂದರು.

"ಡ್ರಮ್ಮು ಗಿಮ್ಮು ಇಲ್ಲವಲ್ಲ?" ಅಕ್ಕ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಕೇಳಿದಳು.

"ಬರೀ ಮನೆಗಳು ಅಕ್ಕ. ಕಾರ್ಯಕ್ರಮದಲ್ಲಿ ಹಾಗೇ ಬರೆದಿದ್ದಾರೆ."

ನಮಗೆ ದಾರಿ ತೋರಿಸಿದವಳು ಅಲ್ಲಿಯವಳೇ ಆದ ಯುವತಿ, ಕಪ್ಪು ಅಬಾಯಾ, ಕಾಲಿಗೆ ಓಡುವ ಬೂಟು. ಹವಳದ ಕಲ್ಲಿನ ಗೋಡೆ, ಕೆತ್ತಿದ ಬಾಗಿಲು, ಗಾಳಿ ಹಿಡಿಯಲು ಮಾಡಿದ ಕಿಂಡಿ. ಒಂದು ಮನೆಯಲ್ಲಿ ತೊಲೆಗಳನ್ನು ತೋರಿಸಿ, ಇಂಥ ಮರ ನಿಮ್ಮ ಕರಾವಳಿಯಿಂದಲೇ ಬರುತ್ತಿತ್ತು ಎಂದಳು. ಸಂಘದ ಹಿರಿಯರಾದ ಹೋಟೆಲಿನ ಅಣ್ಣ ತೊಲೆಗೆ ಕೈ ತಟ್ಟಿದರು. "ನೋಡಿ ಮಾರಾಯ್ರೆ, ಇದು ನಮ್ಮ ಮರ! ಆಗಲೇ ನಾವು ಇಲ್ಲಿ ಇದ್ದೆವು!" ಎಲ್ಲರೂ ತೊಲೆಯ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ಮುಂದಿನ ಮಾತನ್ನು ಅವಳು ಫೋಟೊ ಮುಗಿಯುವವರೆಗೆ ತಡೆದು ಹೇಳಿದಳು. ಈ ಮನೆಗಳನ್ನು ಕಟ್ಟಿಸಿದ ಮುತ್ತುಗಳನ್ನು ಸಮುದ್ರದಿಂದ ತಂದವರಲ್ಲಿ ಗುಲಾಮರೂ ಇದ್ದರು. ಆಫ್ರಿಕಾದ ಕಡಲತೀರದಿಂದ ಹಡಗುಗಳಲ್ಲಿ ತಂದು ಮಾರಿದವರು, ಅವರ ಮಕ್ಕಳು. ಮುಳುಗುವುದು ಇವರು, ಸಿಕ್ಕಿದ ಪಾಲು ಹೋಗುವುದು ಒಡೆಯನಿಗೆ.

ಯಾರೂ ತೊಲೆಯನ್ನು ಮತ್ತೆ ಮುಟ್ಟಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ. ಸುಳ್ಳು. ಇನ್ನೊಂದು ಕುಟುಂಬ ತಡವಾಗಿ ಬಂದು ಅಲ್ಲೇ ನಿಂತು ಫೋಟೊ ತೆಗೆಸಿಕೊಂಡಿತು.

ಭಾವ ಮಾತ್ರ ಹಗ್ಗದ ಬಗ್ಗೆ ವಿಚಾರಿಸಿದರು. ಕಾಲಿಗೆ ಕಲ್ಲು ಕಟ್ಟಿಕೊಂಡು ಮುಳುಗುವವನನ್ನು ಮೇಲೆ ಎಳೆಯುವವನು ದೋಣಿಯಲ್ಲಿ ನಿಂತಿರುತ್ತಾನೆ, ಕೆಳಗಿನವನು ಹಗ್ಗ ಜಗ್ಗಿದರೆ ಇವನು ಎಳೆಯಬೇಕು. ಭಾರ ಎತ್ತುವುದೇ ಕಸುಬಾದ್ದರಿಂದ ಭಾವನಿಗೆ ಕುತೂಹಲ. ತಮ್ಮ ಮುರುಕು ಇಂಗ್ಲಿಷಿನಲ್ಲಿ, ಮೇಲಿನವನ ಗಮನ ಬೇರೆ ಕಡೆ ಹೋದರೆ ಎಂದರು. ಯುವತಿ ಭುಜ ಕುಣಿಸಿದಳು. ಸೇಫ್ಟಿ ಆಫೀಸರ್ ನಕ್ಕು, "ಅಣ್ಣ ರಜೆಯಲ್ಲಿಯೂ ಡ್ಯೂಟಿ ಬಿಡುದಿಲ್ಲ," ಎಂದ. ಭಾವನೂ ನಕ್ಕರು. ಆಗ ಅವರು ಆರಾಮವಾಗಿದ್ದರು. ಇದನ್ನು ಅಕ್ಕನೂ ಒಪ್ಪುತ್ತಾಳೆ.

ಊಟಕ್ಕೆ ಬಸ್ಸಿನ ಕಡೆ ತಿರುಗಿದಾಗಲೇ ಹೋಟೆಲಿನ ಅಣ್ಣನ ಹುರುಪು ಹೊರಬಿತ್ತು. ಅವರ ಹೋಟೆಲಿಗೆ ದಿನಾ ಚಹಾಕ್ಕೆ ಬರುವ ಅಲ್ಲಿಯ ಅಜ್ಜನೊಬ್ಬರ ಮನೆ ಇಲ್ಲೇ ಹತ್ತಿರ ಉಂಟು, ಗುಲಾಮರಾಗಿ ಬಂದವರ ಪದ್ಯ, ಕುಣಿತ ಈಗಲೂ ಅಲ್ಲಿ ನಡೆಯುತ್ತದೆ, ನಮಗಾಗಿ ಸ್ವಲ್ಪ ತೋರಿಸುತ್ತಾರಂತೆ. ಎಲ್ಲ ಮಾತಾಡಿ ಆಗಿದೆ.

ಅಕ್ಕ ತಲೆನೋವು ಎಂದಳು. ಬಸ್ಸಿನಲ್ಲಿ ಕೂರುತ್ತೇವೆ ಎಂದಳು. ಬಸ್ಸು ಡೀಸೆಲ್ ಹಾಕಿಸಲು ಹೋಗಿತ್ತು. ಓಣಿಯಲ್ಲಿ ಬಿಸಿಲು. "ಒಳಗೆ ಎಸಿ ಉಂಟು ಅಕ್ಕ, ಬನ್ನಿ," ಎಂದು ಸೇಫ್ಟಿ ಆಫೀಸರ್ ಭಾವನ ಹೆಗಲಿಗೆ ಕೈ ಹಾಕಿದ.

ಉದ್ದನೆಯ ಕೋಣೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಗೋಡೆಯ ಉದ್ದಕ್ಕೂ ಚಾಪೆಯ ಮೇಲೆ ಕುಳಿತೆವು. ಆ ಅಜ್ಜ ಎತ್ತರದ ಕಪ್ಪು ಮನುಷ್ಯ, ಬಿಳಿ ನಿಲುವಂಗಿ, ಹಿಂದೆ ಎಣ್ಣೆ ಕಂಪನಿಯಲ್ಲಿ ನಮ್ಮ ದೇಶದವರ ಜೊತೆ ದುಡಿದು ಕಲಿತ ಹಿಂದಿ. ಇದು ನಾಟಕ ಅಲ್ಲ, ಶುರುವಾದ ಮೇಲೆ ನಡುವೆ ಎದ್ದು ಹೋಗಬಾರದು ಎಂದರು. ಮೂಲೆಯಲ್ಲಿ ದೊಡ್ಡ ತಂತಿವಾದ್ಯ, ನಮ್ಮ ತಂಬೂರಿಯ ಹಾಗಲ್ಲ, ಮರದ ಚೌಕಟ್ಟಿಗೆ ತಂತಿ ಬಿಗಿದದ್ದು. ನಾಲ್ಕಾರು ಡೋಲುಗಳು. ಡೋಲಿನ ಮುಂದೆ ಒಬ್ಬ ಗಂಡಸು ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಪಟ್ಟಿಯ ತುಂಬ ಆಡಿನ ಗೊರಸುಗಳನ್ನು ಹೊಲಿದಿದ್ದರು.

ಅವನು ಸೊಂಟ ಅಲುಗಿಸಿದ. ಗಗ್ಗರ ಲೋಹದ್ದು, ಇದು ಗೊರಸು; ಸದ್ದು ಒಂದೇ ಆಗಿರಲಾರದು. ಆದರೂ ಕೋಣೆಯಲ್ಲಿದ್ದ ನಮ್ಮವರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿದರು. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

ನಾನು ಭಾವನನ್ನು ನೋಡಲಿಲ್ಲ. ನೋಡಿದರೆ ಉಳಿದವರೂ ನೋಡುತ್ತಾರೆ ಎಂಬ ಹೆದರಿಕೆ. ಎದುರು ಗೋಡೆಯ ಗಾಜಿನ ಚೌಕಟ್ಟಿನಲ್ಲಿ ಅವರ ಮೊಣಕಾಲು ಕಾಣುತ್ತಿತ್ತು. ಮೊದಲು ಆ ಮೊಣಕಾಲು ತಾಳಕ್ಕೆ ಕುಣಿಯಿತು, ಯಾರದ್ದಾದರೂ ಕುಣಿಯುವ ಹಾಗೆ. ಭಾವ ಅದರ ಮೇಲೆ ಅಂಗೈ ಒತ್ತಿದರು. ಅಂಗೈ ಕುಣಿಯಿತು. ಇನ್ನೊಂದು ಕೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಕುಳಿತರು. ಪಕ್ಕದಲ್ಲಿದ್ದ ಸೇಫ್ಟಿ ಆಫೀಸರ್ ವಿಡಿಯೊ ತೆಗೆಯುತ್ತಿದ್ದವನು ಫೋನನ್ನು ನಿಧಾನ ಇವರ ಕಡೆ ತಿರುಗಿಸಿದ.

"ಅಣ್ಣ? ಚಳಿ ಆಗ್ತದಾ?"

ಭಾವ ಎದ್ದರು. ಬಾಗಿಲಿಗೆ ಹೋಗಲೆಂದೇ ಎದ್ದದ್ದು. ಅವರ ಮುಖ ಬಾಗಿಲ ಕಡೆಗಿತ್ತು. ಎರಡು ಹೆಜ್ಜೆ ಹೋಗಿರಬಹುದು. ಆಮೇಲೆ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಗಂಟಲಿನಿಂದ ಆ ಕೂಗು ಬಂತು. ಊರಿನ ಅಂಗಳದಲ್ಲಿ ಮಾತ್ರ ಕೇಳಿದ್ದ ಕೂಗು.

ಇನ್ನು ಮುಂದಿನದನ್ನು ನಾನು ಇದ್ದ ಹಾಗೆ ಹೇಳಲಾರೆ, ಏಕೆಂದರೆ ಅಲ್ಲಿದ್ದ ಮೂವತ್ತು ಜನರಲ್ಲಿ ಯಾವ ಇಬ್ಬರ ನೆನಪೂ ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಒಂದು ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಯಾರೂ ಭಾವನನ್ನು ಹಿಡಿಯಲಿಲ್ಲ, ನೀರು ಕೊಡಲಿಲ್ಲ, ಆಂಬ್ಯುಲೆನ್ಸ್ ಎನ್ನಲಿಲ್ಲ. ಎಲ್ಲರೂ ಎದ್ದು ಅರ್ಧ ಸುತ್ತಾಗಿ ನಿಂತು ಕೈ ಮುಗಿದರು. ಹೆಂಗಸರು ಸೆರಗು ಹೊದ್ದು ಹಿಂದೆ ಸರಿದರು. ಊರಿನಲ್ಲಾದರೆ ಎತ್ತಿ ಕಟ್ಟಿದ ಪಂಚೆ ಇಳಿಸುತ್ತಿದ್ದರು; ಇಲ್ಲಿ ಪ್ಯಾಂಟು ಹಾಕಿದವರು ಮಡಚಿದ ಶರಟಿನ ತೋಳು ಇಳಿಸಿದರು. ಸೇಫ್ಟಿ ಆಫೀಸರ್ ಫೋನನ್ನು ಜೇಬಿಗೆ ಹಾಕಿ ಎಲ್ಲರಿಗಿಂತ ಮೊದಲು ಕೈ ಮುಗಿದ.

ಹೋಟೆಲಿನ ಅಣ್ಣ ಮುಂದೆ ಬಂದು ತುಳುವಿನಲ್ಲಿ, "ಸ್ವಾಮೀ, ಎಂಚಿನ ತಪ್ಪು ಆತ್ಂಡ್, ಪನೊಡು," ಎಂದರು. ಏನು ತಪ್ಪಾಯಿತು, ಹೇಳಬೇಕು. ಅಲ್ಲಿಗೆ ನಿಲ್ಲಿಸಿದ್ದರೆ ಸರಿ. ಗಂಟಲು ಸರಿಮಾಡಿಕೊಂಡು, ಎರಡನೇ ಹೋಟೆಲಿನ ಪರವಾನಗಿ ಆರು ತಿಂಗಳಿಂದ ನಿಂತಿದೆ, ಅದಕ್ಕೊಂದು ದಾರಿ ತೋರಿಸಬೇಕು ಎಂದೂ ಸೇರಿಸಿದರು. ಹಿಂದಿನಿಂದ ಒಬ್ಬ ಹೆಂಗಸು ಮಗಳ ಮದುವೆಯ ಮಾತು ಎತ್ತಿದಳು. "ನೀವು ನಿಲ್ಲಿ, ಅವರದ್ದು ಮುಗೀಲಿ," ಎಂದು ಮತ್ತೊಬ್ಬರು ಅವಳನ್ನು ತಡೆದರು. ನಮ್ಮವರು ಸರತಿ ನಿಂತಿದ್ದರು.

"ಕೇಳ್ಬೇಡಿ!" ಅಕ್ಕ ನಡುವೆ ನುಗ್ಗಿದಳು. "ಯಾರೂ ಎಂತದೂ ಕೇಳ್ಬೇಡಿ. ಇವರು ನನ್ನ ಗಂಡ. ಇವರಿಗೆ ನಾಳೆ ಬೆಳಿಗ್ಗೆ ಡ್ಯೂಟಿ ಉಂಟು!"

"ಅಕ್ಕ, ಈಗ ನೀವು ಮುಟ್ಟಬಾರ್ದು," ಎಂದ ಸೇಫ್ಟಿ ಆಫೀಸರ್, ಮೆಲ್ಲಗೆ, ಭಕ್ತಿಯಿಂದ.

ಅಜ್ಜ ಕೈ ಎತ್ತಿ ಡೋಲು ನಿಲ್ಲಿಸಿದರು. ನಮ್ಮ ಸಾಲನ್ನು ನೋಡಿದ ಅವರ ಮುಖದಲ್ಲಿದ್ದದ್ದು ಸಿಟ್ಟು. "ಇವನೇ ಉರಿಯುತ್ತಿದ್ದಾನೆ, ಇವನ ಹತ್ತಿರ ಬೇಡುತ್ತೀರಾ?" ಎಂದು ಹಿಂದಿಯಲ್ಲಿ ಗದರಿದರು. "ಇವನಿಗೆ ಏನು ಬೇಕು ಅಂತ ಯಾರಾದರೂ ಕೇಳಿದಿರಾ?"

ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಹಾಗೆ ಕೇಳುವ ಕ್ರಮವೇ ಇಲ್ಲ. ದೈವಕ್ಕೆ ಏನು ಬೇಕೆಂದು ಕೇಳುತ್ತೇವೆ, ಕೋಳಿಯೋ ಎಳನೀರೋ; ಅದನ್ನು ಹೊತ್ತ ಮನುಷ್ಯನನ್ನು ಕೇಳುವುದಿಲ್ಲ.

ಅಜ್ಜ ಭಾವನನ್ನು ಹೆಗಲು ಹಿಡಿದು ಕೂರಿಸಿದರು. ಒಂದು ಬಿಳಿ ಬಟ್ಟೆಯನ್ನು ಅವರ ತಲೆಯ ಮೇಲೆ ಹೊದಿಸಿ, ಧೂಪದ ಪಾತ್ರೆಯನ್ನು ಹತ್ತಿರ ತಂದರು. ತಂತಿವಾದ್ಯ ಮಾತ್ರ ಸಣ್ಣಗೆ ನುಡಿಯುತ್ತಿತ್ತು. ಅವರು ಬಾಗಿ ಬಟ್ಟೆಯೊಳಗೆ ಬಾಯಿಟ್ಟು, "ಶ್ ತಬಿ, ಹಬೀಬಿ?" ಎಂದರು. ಏನು ಬೇಕಪ್ಪ? ಇಲ್ಲಿ ಅಂಗಡಿಯವನೂ ಕೇಳುವ ಮಾತು, ಭಾವ ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುವ ಮಾತು. ಅಜ್ಜ ಮತ್ತೆ ಕೇಳಿದರು. ಅವಸರವೇ ಇಲ್ಲದೆ ಮತ್ತೆ.

"ಎಂಕ್ ಜಪ್ಪೊಡು," ಎಂದರು ಭಾವ. ಅದು ಕೂಗಿನ ದನಿಯಲ್ಲ, ಅವರದೇ ದನಿ, ಸ್ವಲ್ಪ ಒಡೆದದ್ದು.

ಅಜ್ಜ ನಮ್ಮತ್ತ ತಿರುಗಿದರು. ಏನೆಂದ? ತುಳು ಬಲ್ಲ ಅಷ್ಟು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಅಕ್ಕ ಹಿಂದಿಯಲ್ಲಿ ಹೇಳಿದಳು, "ಇಳಿಯಬೇಕಂತೆ. ಇವರು ಕ್ರೇನ್ ಮೇಲೆ ಕೆಲಸ ಮಾಡುದು. ಕೆಳಗೆ ಇಳಿಯಬೇಕಂತೆ." ಹೇಳುತ್ತ ಹೇಳುತ್ತ ಸೇಫ್ಟಿ ಆಫೀಸರನ ಮುಖ ನೋಡಿದಳು.

ಅಜ್ಜನಿಗೆ ಇದು ಹೊಸದೇನೂ ಅಲ್ಲ ಎಂಬಂತೆ ತಲೆಯಾಡಿಸಿದರು. ಭಾವ ಮಲಗಿದ ಮೇಲೆ, ಧೂಪದ ಪಾತ್ರೆ ಎತ್ತಿಡುತ್ತ ನನ್ನೊಡನೆ ಅಂದರು: ನಮ್ಮ ಹಿರಿಯರೂ ಹೀಗೇ ಕೂತು ಹೇಳಿದವರು. ಒಬ್ಬನಿಗೆ ತಾಯಿ ಬೇಕಿತ್ತು. ಒಬ್ಬ, ನಾನು ನೀರಿಗೆ ಇಳಿಯುವುದಿಲ್ಲ ಅಂದ.

"ಅವರು ಹೇಳಿದ ಹಾಗೆ ಆಯ್ತಾ?" ಎಂದೆ.

"ಕೇಳುವುದು ನಮ್ಮ ಕೆಲಸ. ಕೊಡುವವರು ಬೇರೆ ಇದ್ದರು. ಅವರು ಇಲ್ಲಿಗೆ ಬರುತ್ತಿರಲಿಲ್ಲ."

ಈ ಮಾತು ಬಹಳ ಚೆನ್ನಾಗಿದೆ, ಆದ್ದರಿಂದ ಸಂಶಯ. ಅವರು ಇದನ್ನೇ ಹೇಳಿದರೋ, ಮನೆಗೆ ಬರುವಷ್ಟರಲ್ಲಿ ನಾನು ಉಜ್ಜಿ ಹೊಳಪು ಮಾಡಿದೆನೋ. ಹಿಂದಿಯಲ್ಲಿ ಅವರಂದದ್ದು ಇದಕ್ಕಿಂತ ಗಿಡ್ಡವಾಗಿತ್ತು.

ವಾಪಸು ಬಸ್ಸಿನಲ್ಲಿ ಭಾವನಿಗೆ ಮುಂದಿನ ಸೀಟು ಬಿಟ್ಟುಕೊಟ್ಟರು. ಪಕ್ಕದಲ್ಲಿ ಯಾರೂ ಕೂರಲಿಲ್ಲ, ಅಕ್ಕನನ್ನೂ ಕೂರಲು ಬಿಡಲಿಲ್ಲ. ಎಲ್ಲರೂ ಪಿಸುಮಾತು. ಅಕ್ಕ ನನ್ನ ಪಕ್ಕ ಕೂತು, "ಆ ಸೇಫ್ಟಿಯವ ಬರೀತಾನೆ. ಇವತ್ತೇ ರಿಪೋರ್ಟ್ ಬರೀತಾನೆ," ಎಂದು ಒಂದೇ ಸಮನೆ ಅನ್ನುತ್ತಿದ್ದಳು. ಕಾಯಿಲೆ ಮುಚ್ಚಿಟ್ಟು ಕ್ರೇನ್ ಹತ್ತಿದವನಿಗೆ ಇಲ್ಲಿ ಎರಡನೇ ಅವಕಾಶ ಇರುವುದಿಲ್ಲ. ಮಗಳ ಪರೀಕ್ಷೆಗೆ ಇನ್ನೂ ಮೂರು ತಿಂಗಳು.

ಶನಿವಾರ ಬೆಳಿಗ್ಗೆ ಭಾವ ಸೈಟಿಗೆ ಹೋದರು. ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಸೇಫ್ಟಿ ಆಫೀಸರ್ ಏಣಿಯ ಬುಡದಲ್ಲಿ ನಿಂತಿದ್ದ. ಭಾವ ನಿಂತರು, ಅವನೇನಾದರೂ ಹೇಳಲಿ ಎಂದು. ಅವನು ಹೆಲ್ಮೆಟ್ ತೆಗೆದು, ತಲೆ ಬಗ್ಗಿಸಿ, ದಾರಿ ಬಿಟ್ಟ. ಭಾವ ಹತ್ತಿದರು. ಇದನ್ನು ಅವರು ಸಂಜೆ ಹೇಳುವಾಗ ಕೈಯಲ್ಲಿದ್ದ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.

"ಮತ್ತೆ ಒಳ್ಳೇದಾಯ್ತಲ್ಲ," ಎಂದಳು ಅಕ್ಕ. "ಬರೀಲಿಲ್ಲ ಅವ."

"ಅದೇ."

"ಎಂತ ಅದೇ?"

"ಇಡೀ ದಿನ ನನ್ನ ಕೊಕ್ಕೆ ಅವನ ತಲೆಯ ಮೇಲೆ ತಿರುಗ್ತಿತ್ತು. ಅವ ಒಮ್ಮೆಯೂ ಮೇಲೆ ನೋಡ್ಲಿಲ್ಲ. ದಿನಾ ನೋಡುವವ."

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಸೇಫ್ಟಿ ಆಫೀಸರ್ ಹೆಂಡತಿಯ ಜೊತೆ ಬಂದಿದ್ದ, ಕೈಯಲ್ಲಿ ಸೇಬು, ತೆಂಗಿನಕಾಯಿ, ವಿಮಾನದಲ್ಲಿ ಬಂದ ಮಲ್ಲಿಗೆ. ಹೊರಗೆ ಲಿಫ್ಟಿನ ಬಳಿ ಇನ್ನೂ ಎರಡು ಕುಟುಂಬ. ಅವನು ಸೋಫಾದಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತ. ಸೈಟಿನಲ್ಲಿ ಇವರಿಗೆ ಕೆಂಪು ಕಾರ್ಡು ತೋರಿಸಿ ಕೆಲಸ ನಿಲ್ಲಿಸುವ ಅಧಿಕಾರ ಇರುವವನು.

"ಅಣ್ಣ, ತಪ್ಪು ತಿಳೀಬೇಡಿ. ಒಂದು ಪ್ರಾರ್ಥನೆ. ನಮ್ಮ ಸೈಟಲ್ಲಿ ಯಾರಿಗೂ ಏನೂ ಆಗದ ಹಾಗೆ ನೋಡ್ಕೊಳ್ಬೇಕು."

ಭಾವ ಚಹಾದ ಲೋಟ ಕೆಳಗಿಟ್ಟರು.

"ನೋಡ್ಕೊಳ್ಳುದು ನಿನ್ನ ಕೆಲಸ ಅಲ್ವಾ ಮಾರಾಯ?"

"ನಾವು ಎಷ್ಟೆಂದು ನೋಡ್ಲಿಕ್ಕಾಗ್ತದೆ ಅಣ್ಣ. ದೈವ ಮೇಲಿದ್ದರೆ ಧೈರ್ಯ."

"ಮೇಲೆ ಇರುದು ನಾನು. ನನ್ನ ಮೈ ನಡುಗಿದ್ದನ್ನು ನೀನು ನೋಡಿದ್ದಿ. ಅದೇ ಕೈಯಲ್ಲಿ ನಾನು ಲಿವರ್ ಹಿಡಿಯುದು. ಇಳೀಬೇಕು ಅಂತ ನಾನು ಹೇಳಿದ್ದನ್ನೂ ಕೇಳಿದ್ದಿ."

"ಅದು ನೀವು ಹೇಳಿದ್ದಲ್ಲ ಅಣ್ಣ. ಅದು ದೈವದ ಮಾತು. ಅದಕ್ಕೆ ಜೋಯಿಸರ ಹತ್ರ ಬೇರೆಯೇ ಪ್ರಶ್ನೆ ಇಟ್ಟು ನೋಡ್ಬೇಕು."

"ಅದು ನಾನು," ಎಂದರು ಭಾವ. "ಅಷ್ಟು ಹೊತ್ತಿನಲ್ಲಿ ನಾನು ಹೇಳಿದ್ದು ಅದೊಂದೇ."

ಅವನು ತಲೆ ಆಡಿಸುತ್ತಲೇ ಇದ್ದ. ರಿಪೋರ್ಟ್ ಬರಿ, ಡಾಕ್ಟರಿಗೆ ಕಳಿಸು, ಕೆಳಗಿಳಿಸು ಎಂದು ಭಾವ ಅಂದರೆ, "ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ, ನನಗೂ ಮಕ್ಕಳಿದ್ದಾರೆ," ಎಂದ. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಅವನ ಹೆಂಡತಿ ತಟ್ಟೆ ಕೇಳಿ, ಹೂವು ಹಣ್ಣು ಇಟ್ಟು, ತಟ್ಟೆಯನ್ನು ಭಾವನ ಕಾಲಿನ ಬಳಿ ತಳ್ಳಿದಳು. ಭಾವ ಕಾಲು ಮಡಚಿಕೊಂಡರು.

ಆಮೇಲೆ ಫೋನ್ ತೆಗೆದು ಪ್ರಾಜೆಕ್ಟ್ ಎಂಜಿನಿಯರಿಗೆ ಕರೆ ಮಾಡಿದರು. ಅಕ್ಕ ಅಡ್ಡ ಬಂದಳು, ಬೇಡ ಎಂದು ಕಣ್ಣಲ್ಲೇ ಹೇಳಿದಳು, ಫೋನಿಗೆ ಕೈ ಹಾಕಿ ಅರ್ಧದಲ್ಲಿ ಹಿಂದೆಗೆದಳು. ಸ್ಪೀಕರ್ ಹಾಕಿದ್ದು ಭಾವನೋ, ಗಡಿಬಿಡಿಯಲ್ಲಿ ಅಕ್ಕನ ಬೆರಳು ತಗುಲಿತೋ ಗೊತ್ತಿಲ್ಲ. ಅವರವರ ಪ್ರಕಾರ ಇನ್ನೊಬ್ಬರು.

"ಸರ್," ಎಂದರು ಭಾವ ಹಿಂದಿಯಲ್ಲಿ, "ನನಗೆ ಮೈ ನಡುಗುವ ಕಾಯಿಲೆ ಉಂಟು. ನಾಳೆಯಿಂದ ನಾನು ಮೇಲೆ ಹತ್ತುವುದಿಲ್ಲ."

"ಕಾಯಿಲೆ ಅನ್ಬೇಡಿ ಅಣ್ಣ!" ಸೇಫ್ಟಿ ಆಫೀಸರ್ ನೆಲದಿಂದ ಪಿಸುಗುಟ್ಟಿದ.

ಆ ಕಡೆಯಿಂದ ಎಂಜಿನಿಯರ್ ಕೇಳಿದ: "ಎಷ್ಟು ಸಮಯದಿಂದ?"

ಅಕ್ಕ ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿದಳು. ನಿನ್ನೆ. ನಿನ್ನೆಯಿಂದ ಎನ್ನಿ. ನಿನ್ನೆಯಿಂದ ಎಂದರೆ ರಜೆ ಸಿಗಬಹುದು, ಔಷಧಿ, ಕೆಳಗೆ ಒಂದು ಕೆಲಸ. ಮುಂಚಿನಿಂದ ಎಂದರೆ ಇಷ್ಟು ವರ್ಷ ಮುಚ್ಚಿಟ್ಟದ್ದು ಹೊರಬೀಳುತ್ತದೆ. ಭಾವ ಅವಳ ಹೆಬ್ಬೆರಳನ್ನು ನೋಡಿದರು. ಸಿಟ್ಟಿನಿಂದಲ್ಲ.

"ನೀವು ನನ್ನನ್ನು ಕೆಲಸಕ್ಕೆ ತಗೊಳ್ಳುವ ಮೊದಲಿನಿಂದ, ಸರ್."

ಕೋಣೆಯಿಂದ ಮಗಳು ಪುಸ್ತಕ ಹಿಡಿದು ಬಾಗಿಲಿಗೆ ಬಂದು ನಿಂತಳು, ಯಾಕೆ ಇಷ್ಟು ಜನ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು. ಎಂಜಿನಿಯರ್ ಏನೋ ಅಂದ, ಭಾವ ಸರಿ ಸರ್ ಎಂದರು, ಫೋನ್ ಇಟ್ಟರು. ಸ್ಪೀಕರ್‌ನಲ್ಲೇ ಇದ್ದರೂ ಅಕ್ಕನಿಗೆ ಒಂದು ಶಬ್ದವೂ ಕೇಳಿಸಿರಲಿಲ್ಲ.

"ಎಂತ ಅಂದ್ರು?"

"ಬೆಳಿಗ್ಗೆ ಆಫೀಸಿಗೆ ಬರ್ಲಿಕ್ಕೆ."

"ಕೆಲ್ಸದಲ್ಲಿ ಇಟ್ಕೊಳ್ಳಿಕ್ಕಾ, ಊರಿಗೆ ಕಳಿಸ್ಲಿಕ್ಕಾ?"

"ಹೇಳ್ಲಿಲ್ಲ."

"ಮತ್ತೆಂತ ಹೇಳಿದ್ರು ಹಾಗಾದ್ರೆ?"

"ಹತ್ತಬೇಡ ಅಂದ್ರು," ಎಂದರು ಭಾವ, ಮತ್ತು ತಣ್ಣಗಾದ ಚಹಾವನ್ನು ಕೆನೆ ಸಮೇತ ಕುಡಿದರು.